ಮೈಕಿನ ಬೆಲೆ

ಒಳ್ಳೆಯ ಸಾರನ್ನು ಉಂಡವರು ಅದು ಯಾವ ಪಾತ್ರೆಯಲ್ಲಿ ಕುದಿಯಿತೆಂದು ವಿಚಾರಿಸುವುದು ವಿರಳ. ಈಯದ ಪಾತ್ರೆಯ ಅಭಿಮಾನಿಗಳು ಇಲ್ಲಿ ತಕರಾರು ತೆಗೆಯಬಹುದು. ಅವರ ಪಕ್ಷದಲ್ಲಿಯೂ ಹೇಳತಕ್ಕ ಮಾತುಂಟು, ಅದು ಮುಂದೆ ಬರುತ್ತದೆ. ಆದರೆ ಒಳ್ಳೆಯ ಕಂಠವನ್ನು ಕೇಳಿದವರು ಈಚೀಚೆಗೆ ಮೊದಲು ಕೇಳುವ ಪ್ರಶ್ನೆ, "ಇದು ಯಾವ ಮೈಕು?" ಎಂಬುದು. ಮನೆಯ ಮೂಲೆಯಲ್ಲಿ ಕುಳಿತು ಪಾಠ ಹೇಳಿ, ಕಥೆ ಓದಿ, ಹಾಡು ಹಾಡಿ, ಅಡುಗೆಯ ಕ್ರಮವನ್ನು ವಿವರಿಸಿ, ಅದೆಲ್ಲವನ್ನೂ ಯೂಟ್ಯೂಬಿನ ಮೂಲಕ ಲೋಕಕ್ಕೆ ಮುಟ್ಟಿಸುವವರು ಇಂದು ಕನ್ನಡನಾಡಿನಲ್ಲಿ ಅಲ್ಪಸಂಖ್ಯಾತರೇನೂ ಅಲ್ಲ. ಅಂಥವರ ಎದುರಿಗೆ ಇಂದಲ್ಲ ನಾಳೆ ಈ ಪ್ರಶ್ನೆ ಬಂದು ನಿಲ್ಲುತ್ತದೆ: ಮೂವತ್ತು ನಲವತ್ತು ಸಾವಿರ ರೂಪಾಯಿಗಳನ್ನು ಒಂದು ಮೈಕಿಗೆ ಸುರಿಯಬೇಕೆ, ಬೇಡವೆ?

ತಿಪಟೂರಿನಲ್ಲಿ, ರೈಲುಹಾದಿಗೆ ಕೂಗಳತೆಯ ದೂರದಲ್ಲಿರುವ ಒಂದು ಹಳೆಯ ಮನೆಯಲ್ಲಿ ಈ ಪ್ರಶ್ನೆ ಬಂದು ನಿಂತಿತು. ತೆಂಗಿನ ತೋಟವನ್ನು ನಂಬಿ ಬದುಕಿದ ಮನೆ. ಅಟ್ಟದ ತುಂಬ ಸಿಪ್ಪೆ ಸುಲಿಯದ ಕಾಯಿ. ಆ ಸೀಮೆಯಲ್ಲಿ ಬಲಿತ ಕಾಯಿಯನ್ನು ಸಿಪ್ಪೆಯ ಸಹಿತ ತಿಂಗಳುಗಟ್ಟಲೆ ಅಟ್ಟದಲ್ಲಿ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಕೈಯಲ್ಲಿ ಹಿಡಿದು ಅಲುಗಿಸಿದರೆ ಒಳಗೆ ಗುಡುಗುಡು ಸದ್ದು. ಆ ಸದ್ದಿನಿಂದಲೇ ಕೊಬ್ಬರಿ ಹದಕ್ಕೆ ಬಂತೋ ಇಲ್ಲವೋ ಎಂದು ನಿಶ್ಚಯಿಸುವ ಜನರ ಮನೆ ಅದು. ಕಿವಿಗೆ ಅಲ್ಲಿ ಹಿಂದಿನಿಂದಲೂ ಬೆಲೆಯಿತ್ತು.

ಆ ಮನೆಯ ಸೊಸೆ ಪ್ರೌಢಶಾಲೆಯಲ್ಲಿ ಕನ್ನಡದ ಅಧ್ಯಾಪಕಿ. 2020ನೆಯ ಇಸವಿಯಲ್ಲಿ ಸಾಂಕ್ರಾಮಿಕದ ಕಾರಣದಿಂದ ಶಾಲೆಗಳಿಗೆ ಬೀಗ ಬಿದ್ದಾಗ, ಹತ್ತನೆಯ ತರಗತಿಯ ಮಕ್ಕಳ ಗತಿಯೇನೆಂದು ಚಿಂತಿಸಿ, ಹಜಾರದಲ್ಲಿ ಎರಡು ಹಿಟ್ಟಿನ ಡಬ್ಬಿಗಳಿಗೆ ಫೋನನ್ನು ಒರಗಿಸಿಟ್ಟು ಪದ್ಯಪಾಠಗಳನ್ನು ಹೇಳತೊಡಗಿದಳು. ಶಾಲೆ ಮತ್ತೆ ತೆರೆಯಿತು, ಮಕ್ಕಳು ಪಾಸಾಗಿ ಹೋದರು. ಕೇಳುವವರು ಮಾತ್ರ ಉಳಿದುಕೊಂಡರು. ಬೇರೆ ಊರಿನವರು, ವಯಸ್ಸಾದವರು, ಎಂದೋ ಓದು ಬಿಟ್ಟವರು. ಅವರಲ್ಲಿ ದೃಷ್ಟಿಯಿಲ್ಲದ ಒಬ್ಬ ವೃದ್ಧರು ಒಂದು ದಿನ ಶಾಲೆಯಿಂದ ಆಕೆಯ ಸಂಖ್ಯೆಯನ್ನು ಪಡೆದು ಮಾತನಾಡಿಸಿದರು. "ತಾಯೀ, ಪಾಠ ಬಹಳ ಚೆನ್ನಾಗಿದೆ. ಆದರೆ ನೀವು ಬಾವಿಯೊಳಗೆ ನಿಂತು ಹೇಳಿದ ಹಾಗೆ ಕೇಳಿಸುತ್ತದೆ. ಹತ್ತು ಮಾತಿಗೆ ಎರಡು ನನಗೆ ತಪ್ಪಿಹೋಗುತ್ತವೆ. ಪುಸ್ತಕ ತೆಗೆದು ನೋಡೋಣವೆಂದರೆ ನನ್ನಂಥವನಿಗೆ ಅದೂ ಇಲ್ಲ," ಎಂದರು. ಹೊಗಳಿಕೆಯ ನೂರು ಮಾತನ್ನು ಮರೆತ ಸೊಸೆಗೆ ಈ ಒಂದು ಮಾತು ಮರೆಯದಾಯಿತು.

ಇದರೊಡನೆ ಇನ್ನೊಂದು ಕಾರಣವೂ ಸೇರಿತು. ಅತ್ತೆಯವರಿಗೆ ಎಂಬತ್ತು ದಾಟಿತ್ತು. ರಾಗಿ ಬೀಸುವ ಪದಗಳು, ತೊಟ್ಟಿಲ ಪದಗಳು, ಮದುವೆಯ ಶೋಭಾನೆ, ಇವೆಲ್ಲ ಅವರ ನೆನಪಿನಲ್ಲಿ ಮಾತ್ರ ಇದ್ದವು; ಬರೆದಿಟ್ಟ ಪುಸ್ತಕವಿಲ್ಲ, ಬರೆಯಲು ಅವರಿಗೆ ಬಾರದು. ಹೆಸರು ಹಿಡಿದು ಬೆರಳು ಮಡಿಸಿ ಎಣಿಸಿದರೆ ಅರವತ್ತಕ್ಕೆ ಕಡಿಮೆಯಿಲ್ಲ. ಹಿಂದಿನ ಮಳೆಗಾಲದಲ್ಲಿ ಕೆಮ್ಮು ಬಂದು ಮೂರು ವಾರ ಹಾಸಿಗೆ ಹಿಡಿದಾಗ ಅವರ ಸ್ವರ ಒಂದು ಪದರ ತೆಳ್ಳಗಾದದ್ದನ್ನು ಸೊಸೆ ಗಮನಿಸಿದ್ದಳು. ಮುಂದಿನ ಮಳೆಗಾಲ ಏನು ಮಾಡುತ್ತದೆಯೋ ಹೇಳುವವರಾರು?

ಸಲಹೆ ಕೊಡುವವರಿಗೆ ಬರವಿಲ್ಲ. ಅವರೆಲ್ಲರೂ ಒಂದೇ ಮೈಕಿನ ಹೆಸರನ್ನು ಹೇಳಿದರು: ಶೂರ್ ಕಂಪೆನಿಯ ಎಸ್‌ಎಮ್7ಬಿ. ಅಂತರ್ಜಾಲದಲ್ಲಿ ಇಬ್ಬರು ಕುಳಿತು ಹರಟುವ ಯಾವ ಚಿತ್ರವನ್ನು ನೋಡಿದರೂ ಅವರ ಬಾಯಿಯ ಮುಂದೆ ಕಬ್ಬಿಣದ ಕೈಯೊಂದಕ್ಕೆ ತೂಗುಹಾಕಿದ, ಕರಿಯ ಸ್ಪಂಜಿನ ಟೋಪಿಯಿಟ್ಟ ಆ ದಪ್ಪ ಮೈಕು ಕಾಣುವುದುಂಟು. ಅದರ ವಂಶ ಕಡಿಮೆಯದಲ್ಲ. ಅದರ ಮೂಲರೂಪವಾದ ಎಸ್‌ಎಮ್7 ಹೊರಬಂದುದು 1973ರಲ್ಲಿ; 1982ರ 'ಥ್ರಿಲ್ಲರ್' ಎಂಬ ಆಲ್ಬಮಿನಲ್ಲಿ ಮೈಕೇಲ್ ಜಾಕ್ಸನ್ನನ ಕಂಠವನ್ನು ಬ್ರೂಸ್ ಸ್ವೀಡಿಯನ್ ಎಂಬ ಧ್ವನಿತಜ್ಞರು ಹಿಡಿದದ್ದು ಅದರಲ್ಲಿಯೇ. ಈಗಿನ 7ಬಿ 2001ರದು. ಸ್ವಾರಸ್ಯದ ವಿಷಯವೆಂದರೆ, ಅದರೊಳಗಿನ ಧ್ವನಿ ಹಿಡಿಯುವ ಭಾಗ 1965ರಲ್ಲಿ ಬಂದ, ಸಭೆ ಸಂಗೀತಗಳಲ್ಲಿ ಎಲ್ಲೆಲ್ಲಿಯೂ ಕಾಣುವ ಎಸ್‌ಎಮ್57 ಎಂಬ ಅಗ್ಗದ ಮೈಕಿನ ರಕ್ತಸಂಬಂಧಿ. ಕೊಡುವ ಹೆಚ್ಚಿನ ಬೆಲೆಯಲ್ಲಿ ಒಂದಂಶ ಅದರ ಸುತ್ತಲಿನ ಪಂಜರಕ್ಕೆ, ಅಲುಗಾಟವನ್ನೂ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆಯನ್ನೂ ತಡೆಯುವ ಏರ್ಪಾಡಿಗೆ. ಆ ಏರ್ಪಾಡು ಸುಳ್ಳಲ್ಲ. ರೇಡಿಯೋ ನಿಲಯದಲ್ಲಿ ಅದಕ್ಕೆ ಬೆಲೆಯಿದೆ.

ಇನ್ನೊಂದು ಸಂಗತಿಯನ್ನು ಅಂಗಡಿಯವರು ಕೊನೆಗೆ ಹೇಳುತ್ತಾರೆ. ಈ ಮೈಕು ಮಿತಭಾಷಿ. ಅದು ಹೊರಡಿಸುವ ವಿದ್ಯುತ್ತಿನ ಅಲೆ ಬಹು ಕ್ಷೀಣ. ಸುಮಾರು 60 ಡೆಸಿಬೆಲ್, ಎಂದರೆ ಸಾವಿರ ಮಡಿ, ಹಿಗ್ಗಿಸಿದರಲ್ಲದೆ ಮಾತು ಕೇಳತಕ್ಕ ಮಟ್ಟಕ್ಕೆ ಏರುವುದಿಲ್ಲ. ಹೀಗೆ ಹಿಗ್ಗಿಸಲು ಬೇರೊಂದು ಪೆಟ್ಟಿಗೆ ಬೇಕು. ಆ ಪೆಟ್ಟಿಗೆ ಅಗ್ಗದ್ದಾದರೆ ಅದು ತನ್ನ ಸುಯ್‌ಸದ್ದನ್ನೂ ಜೊತೆಯಲ್ಲಿ ಹಿಗ್ಗಿಸುತ್ತದೆ. ಅದನ್ನು ತಪ್ಪಿಸಲು ನಡುವೆ ಮತ್ತೊಂದು ಚಿಕ್ಕ ಪೆಟ್ಟಿಗೆ. ಕೇಬಲ್ಲು ಬೇರೆ, ತೂಗುಹಾಕುವ ಕೈ ಬೇರೆ. ಕುದುರೆಯನ್ನು ಕೊಂಡವನು ಲಾಯವನ್ನೂ ಕಟ್ಟಿಸಬೇಕಾದಂತೆ, ಮೂವತ್ತೈದು ಸಾವಿರದಲ್ಲಿ ಮುಗಿಯುವುದೆಂದು ತಿಳಿದ ಲೆಕ್ಕ ಐವತ್ತರ ಬಳಿಗೆ ಹೋಗಿ ನಿಂತಿತು.

ಯಜಮಾನನು ಲೆಕ್ಕದ ಕಾಗದವನ್ನು ನೋಡಿ, "ಇಷ್ಟರಲ್ಲಿ ತೋಟದ ಪಂಪನ್ನು ಬದಲಾಯಿಸಬಹುದಿತ್ತು," ಎಂದಷ್ಟೇ ಹೇಳಿದನು. ಅದು ವಿರೋಧವಲ್ಲ, ಆದರೆ ಅನುಮತಿಯೂ ಅಲ್ಲ. ಗೃಹಸ್ಥರಿಗೆ ಈ ಬಗೆಯ ಮಾತು ಪರಿಚಿತವೇ.

ಆ ರಾತ್ರಿ ಅತ್ತೆಯವರು ಸೊಸೆಯನ್ನು ಕರೆದು, ತಮ್ಮ ತಗಡಿನ ಪೆಟ್ಟಿಗೆಯ ತಳದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಮುಂದಿಟ್ಟರು. ಬಾವಿಯ ಬಳಿಯ ಎಂಟು ಮರಗಳ ಕಾಯಿಯ ಹಣ ಅವರದೆಂದು ಮಾವನವರ ಕಾಲದಲ್ಲಿಯೇ ಗೊತ್ತಾಗಿತ್ತು. ಅದನ್ನು ಅವರು ಮುಟ್ಟುತ್ತಿರಲಿಲ್ಲ. ತಮ್ಮ ಕಡೆಗಾಲದ ಖರ್ಚಿಗೆ ಮಕ್ಕಳು ಯಾರ ಮುಂದೆಯೂ ಕೈಚಾಚಬಾರದೆಂದು ವರ್ಷವರ್ಷವೂ ಸೇರಿಸಿಟ್ಟ ಹಣ ಅದು. "ತೊಗೊಳಮ್ಮ, ನನ್ನ ಹಾಡಿಗೇ ತಾನೆ? ನಾನು ಹೋದಮೇಲೆ ಹನ್ನೊಂದು ದಿನದಲ್ಲಿ ಕರಗೋ ದುಡ್ಡು. ಹಾಡಾದರೂ ಉಳೀಲಿ," ಎಂದರು. ಸೊಸೆ ಆ ಗಂಟನ್ನು ಮುಟ್ಟಲಾರದೆ ಹೋದಳು. ಅಲ್ಲಿಂದ ಮುಂದೆ ಮೈಕಿನ ಪ್ರಶ್ನೆ ಬರಿಯ ಹಣದ ಪ್ರಶ್ನೆಯಾಗಿ ಉಳಿಯಲಿಲ್ಲ.

ಇಲ್ಲಿ ಸ್ವಲ್ಪ ನಿಂತು, ಮನುಷ್ಯರು ಯಂತ್ರದ ಮುಂದೆ ಹಾಡತೊಡಗಿದ ಬಗೆಯನ್ನು ನೆನೆಯುವುದು ಅಪ್ರಸ್ತುತವಾಗಲಾರದು. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮೊಫೋನಿಗಾಗಿ ಹಾಡಿದಾಗ ಮೈಕೆಂಬುದು ಆ ಕೆಲಸಕ್ಕೆ ಬಂದಿರಲಿಲ್ಲ. ದೊಡ್ಡ ತುತ್ತೂರಿಯೊಂದರ ಬಾಯೊಳಗೆ ಎತ್ತರದ ದನಿಯಲ್ಲಿ ಹಾಡಬೇಕು. ಆ ದನಿಯ ಬಲದಿಂದಲೇ ಸೂಜಿ ಅಲುಗಿ ಮೇಣದ ಮೇಲೆ ಗೆರೆ ಬೀಳಬೇಕು. ಮೆಲ್ಲಗೆ ಹಾಡುವವರಿಗೆ ಆ ಯಂತ್ರದಲ್ಲಿ ಎಡೆಯಿರಲಿಲ್ಲ. 1925ರಲ್ಲಿ ವಿದ್ಯುತ್ತಿನ ಮುದ್ರಣ ಬಳಕೆಗೆ ಬಂದ ಮೇಲೆ ಮೆಲುದನಿಗೂ ಮರ್ಯಾದೆ ದೊರೆಯಿತು. ಕನ್ನಡನಾಡಿನಲ್ಲಿಯೇ, ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಸ್ವಂತ ಮನೆಯಲ್ಲಿ ರೇಡಿಯೋ ನಿಲಯವನ್ನು ಹೂಡಿ ಅದನ್ನು 'ಆಕಾಶವಾಣಿ' ಎಂದು ಕರೆದರು. ಆ ಹೆಸರು ಮುಂದೆ ಇಡೀ ದೇಶದ ರೇಡಿಯೋಕ್ಕೆ ಬಂದಿತು. ಮನೆಯೊಂದರೊಳಗಿನಿಂದ ಲೋಕಕ್ಕೆ ಮಾತನಾಡುವ ಹಂಬಲ ಇಂದಿನ ಯೂಟ್ಯೂಬಿನವರ ಕಾಲದಲ್ಲಿ ಹುಟ್ಟಿದ್ದೇನೂ ಅಲ್ಲ.

ಮೈಕನ್ನು ಅಗ್ಗ ಮಾಡಿದ ಪುಣ್ಯ ಬೇರೆಯವರದು. ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಎಂಬ ವಿಜ್ಞಾನಿಗಳು 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ, ವಿದ್ಯುದಂಶವನ್ನು ತನ್ನಲ್ಲಿಯೇ ಬಹುಕಾಲ ಹಿಡಿದಿಟ್ಟುಕೊಳ್ಳುವ ತೆಳುಹಾಳೆಯಿಂದ ಎಲೆಕ್ಟ್ರೆಟ್ ಎಂಬ ಜಾತಿಯ ಮೈಕನ್ನು ರಚಿಸಿದರು. ಅದಕ್ಕೆ ಮೊದಲು ಕಂಡೆನ್ಸರ್ ಜಾತಿಯ ಸೂಕ್ಷ್ಮವಾದ ಮೈಕುಗಳಿಗೆ ಹೊರಗಿನಿಂದ ಹೆಚ್ಚಿನ ವೋಲ್ಟೇಜನ್ನು ಊಡಬೇಕಾಗಿತ್ತು. ಆದುದರಿಂದ ಅವು ದೊಡ್ಡ ನಿಲಯಗಳ ಸೊತ್ತಾಗಿದ್ದವು. ಈ ಹಾಳೆ ಬಂದ ಮೇಲೆ ಕಡಲೆಯ ಗಾತ್ರದ ಮೈಕೂ ಸಾಧ್ಯವಾಯಿತು. ಇಂದು ಸೆರಗಿಗೆ ಸಿಕ್ಕಿಸುವ ಸಾವಿರ ಎರಡು ಸಾವಿರದ ಮೈಕುಗಳಲ್ಲಿ ಬಹಳಷ್ಟು ಆ ಜಾತಿಯವು. ಅವನ್ನು ಆಟಿಕೆಯೆಂದು ಹೀಯಾಳಿಸುವವರು ಈ ಇತಿಹಾಸವನ್ನು ಅರಿಯರು.

ಯಜಮಾನನ ಅಕ್ಕನ ಮಗ ಬೆಂಗಳೂರಿನಲ್ಲಿ ಚಲನಚಿತ್ರಗಳ ಧ್ವನಿಯ ಕೆಲಸದಲ್ಲಿದ್ದನು. ಸೊಸೆ ಅವನನ್ನು ಕೇಳಿದಾಗ ಅವನು ಹೌದೆನ್ನಲೂ ಇಲ್ಲ, ಬೇಡವೆನ್ನಲೂ ಇಲ್ಲ. "ಅತ್ತೇ, ಬರೋ ಭಾನುವಾರ ನಾನೇ ಬರ್ತೀನಿ. ಕಿವಿಯಿಂದ ಕೇಳಿ ಆಮೇಲೆ ದುಡ್ಡು ಬಿಚ್ಚಿ," ಎಂದನು. ಬರುವಾಗ ಕೈಚೀಲದಲ್ಲಿ ಮೂರು ಮೈಕುಗಳನ್ನು ತಂದನು: ಎಲ್ಲರೂ ಹೇಳಿದ ಆ ಎಸ್‌ಎಮ್7ಬಿ, ಸ್ನೇಹಿತನಿಂದ ಎರವು ತಂದ ಲಕ್ಷಕ್ಕೂ ಮೀರಿದ ಬೆಲೆಯ ಒಂದು ಕಂಡೆನ್ಸರ್ ಮೈಕು, ಮತ್ತು ಸೆರಗಿಗೆ ಸಿಕ್ಕಿಸುವ ಎರಡು ಸಾವಿರದ ಒಂದು ಗುಂಡಿ.

ಮೊದಲ ಪರೀಕ್ಷೆ ಹಜಾರದಲ್ಲಿಯೇ ನಡೆಯಿತು. ಕೆಂಪು ಗಾರೆಯ ನೆಲ, ಬೋಳು ಗೋಡೆ, ಎತ್ತರದ ಮಾಡು. ಸೊಸೆ ಒಂದು ಪದ್ಯವನ್ನು ಓದಿದಳು. ಎಲ್ಲರೂ ಸರದಿಯ ಮೇಲೆ ಕಿವಿಗೆ ಹೆಡ್‌ಫೋನನ್ನಿಟ್ಟು ಕೇಳಿದರು. ಲಕ್ಷ ರೂಪಾಯಿಯ ಮೈಕು ತನ್ನ ಯೋಗ್ಯತೆಯನ್ನು ಚೆನ್ನಾಗಿಯೇ ತೋರಿಸಿತು. ಅದರಲ್ಲಿ ಪದ್ಯ ಕೇಳಿಸಿತು; ಪದ್ಯದ ಹಿಂದೆ ಹಜಾರ ಕೇಳಿಸಿತು; ಹಜಾರದ ಹಿಂದೆ ಪಕ್ಕದ ಮನೆಯ ಮಿಕ್ಸಿ, ಫ್ಯಾನಿನ ಒಂದು ರೆಕ್ಕೆಯ ಕಿರುಗುಟ್ಟು, ಅರಸೀಕೆರೆಯ ಕಡೆಗೆ ಹೊರಟ ರೈಲಿನ ಶಿಳ್ಳು, ಕೊನೆಗೆ ತೊಲೆಯ ಮೇಲಿನ ಹಲ್ಲಿ ಲೊಚಗುಟ್ಟಿದ್ದು ಕೂಡ ಕೇಳಿಸಿತು. ಅತ್ತೆಯವರು ಹೆಡ್‌ಫೋನನ್ನು ತೆಗೆದು, "ಹಲ್ಲಿ ಹೇಳಿದ್ದು ಯಾವ ಮಾತಿಗೋ ಗೊತ್ತಾಗಲಿಲ್ಲವಲ್ಲ," ಎಂದು ನಕ್ಕರು.

ಬಾವಿಯೊಳಗಿನ ದನಿಯ ರಹಸ್ಯವೂ ಆಗ ಹೊರಬಿದ್ದಿತು. ಬಾಯಿಂದ ಹೊರಟ ಮಾತು ನೇರವಾಗಿ ಮೈಕಿಗೆ ಬರುವುದಷ್ಟೇ ಅಲ್ಲ. ಗೋಡೆ, ನೆಲ, ಮಾಡುಗಳಿಗೆ ಬಡಿದು, ಒಂದರ ಹಿಂದೊಂದು ತಡವಾಗಿಯೂ ಬಂದು ಸೇರುತ್ತದೆ. ಮೈಕು ದೂರವಾದಂತೆ ನೇರವಾದ ಮಾತು ಕ್ಷೀಣಿಸುತ್ತದೆ. ಗೋಡೆಯಿಂದ ಬಂದದ್ದು ಬಹುಮಟ್ಟಿಗೆ ಇದ್ದಷ್ಟೇ ಇರುತ್ತದೆ. ಒಂದು ಗೇಣು ದೂರದಲ್ಲಿದ್ದ ಮೈಕನ್ನು ಒಂದು ಮೊಳಕ್ಕೆ ಸರಿಸಿದರೆ, ಎಂದರೆ ದೂರವನ್ನು ಇಮ್ಮಡಿ ಮಾಡಿದರೆ, ನೇರವಾದ ಮಾತಿನ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಡಬ್ಬಿಗೆ ಒರಗಿದ ಫೋನು ಸೊಸೆಯ ಬಾಯಿಗೆ ಮೂರು ಮೊಳ ದೂರವಿತ್ತು. ಕುರುಡರಾದ ಆ ವೃದ್ಧರು ಕೇಳುತ್ತಿದ್ದುದು ಸೊಸೆಯ ಮಾತನ್ನಲ್ಲ. ಹೆಚ್ಚಾಗಿ ಹಜಾರದ ಮಾತನ್ನು. ಇದಕ್ಕೆ ಔಷಧ ಅಂಗಡಿಯಲ್ಲಿರಲಿಲ್ಲ. ಮೈಕು ಹತ್ತಿರ ಬರಬೇಕು, ಇಲ್ಲವೆ ಗೋಡೆಗಳು ಸುಮ್ಮನಿರಬೇಕು. ಎರಡೂ ಆದರೆ ಉತ್ತಮ. ಎಸ್‌ಎಮ್7ಬಿಯಲ್ಲಿ ಆಕೆಯ ಕಂಠ ಸೊಗಸಾಗಿಯೇ ಬಂದಿತು, ಏಕೆಂದರೆ ಅದನ್ನು ಬಾಯಿಗೆ ನಾಲ್ಕು ಬೆರಳಿನಷ್ಟು ಹತ್ತಿರ ಇಟ್ಟಿದ್ದರು. ಆ ಹುಡುಗನು ಅದೇ ಮೈಕನ್ನು ಡಬ್ಬಿಯ ಬಳಿಗೆ ಒಯ್ದಿಟ್ಟು ಮತ್ತೊಮ್ಮೆ ಓದಿಸಿದಾಗ ಹಳೆಯ ಬಾವಿಯೇ ತಿರುಗಿ ಬಂದಿತು.

ಎರಡನೆಯ ಪರೀಕ್ಷೆಗೆ ನಿಶ್ಶಬ್ದವಾದ ಸ್ಥಳ ಬೇಕೆಂದು ಮನೆಯೆಲ್ಲ ತಿರುಗಿದರು. ದೇವರ ಕೋಣೆ ಚಿಕ್ಕದು, ಗಂಟೆಯಂತೆ ಮೊಳಗುತ್ತದೆ. ಮಲಗುವ ಕೋಣೆಯ ಕಿಟಕಿ ಬೀದಿಗೆ. ಕೊನೆಗೆ ಹಿತ್ತಲ ಕಡೆಯ ಕೊಬ್ಬರಿಯ ಕೋಣೆಗೆ ಬಂದರು. ಅಟ್ಟದಿಂದ ಇಳಿಸಿ ಒಡೆದ ಕೊಬ್ಬರಿಯನ್ನು ಗೋಣಿಚೀಲಗಳಲ್ಲಿ ತುಂಬಿ ಮೂರು ಗೋಡೆಗಳಿಗೂ ಎದೆಯೆತ್ತರ ಒಟ್ಟಿದ್ದರು. ಹುಡುಗನು ಬಾಗಿಲು ಹಾಕಿ ಒಮ್ಮೆ ಚಪ್ಪಾಳೆ ತಟ್ಟಿದನು. ಹಜಾರದಲ್ಲಿ ತಟ್ಟಿದ ಚಪ್ಪಾಳೆ ಹೋಗಿ ಸುತ್ತಿ ಬಂದಿತ್ತು. ಇಲ್ಲಿ ತಟ್ಟಿದ್ದು ತಟ್ಟಿದಲ್ಲಿಯೇ ಸತ್ತಿತು. "ಇಂಥ ಕೋಣೆಗೆ ನಮ್ಮವರು ಲಕ್ಷಗಟ್ಟಲೆ ಸುರೀತಾರೆ ಮಾವ!" ಎಂದು ಅವನು ಕೂಗಿದಾಗ, ಯಜಮಾನನ ಮುಖದಲ್ಲಿ ಆ ದಿನ ಮೊದಲ ಬಾರಿಗೆ ಉತ್ಸಾಹ ಕಂಡಿತು. ಗೋಣಿಯ ನಾರೂ ಚೀಲಗಳ ಏರುತಗ್ಗುಗಳೂ ಸದ್ದನ್ನು ಹೀರಿ, ಚದುರಿಸಿ, ಗೋಡೆಯವರೆಗೆ ಹೋಗಗೊಡುತ್ತಿರಲಿಲ್ಲ. ಅಲ್ಲಿ ಓದಿದ ಪದ್ಯ ಮೂರು ಮೈಕುಗಳಲ್ಲಿಯೂ ಚೆನ್ನಾಗಿ ಬಂದಿತು. ಭೇದವಿರಲಿಲ್ಲವೆಂದಲ್ಲ. ದುಬಾರಿಯಾದುದರಲ್ಲಿ ಉಸಿರಿನ ನವುರು, ಸಕಾರ ಶಕಾರಗಳ ಅಂಚು ಇನ್ನೂ ಸ್ಫುಟವಾಗಿದ್ದವು. ಈಯದ ಪಾತ್ರೆಯವರ ಪಕ್ಷಕ್ಕೆ ಇಲ್ಲಿ ಒಂದು ಮಾತು ಸಲ್ಲಬೇಕು: ಬೇಳೆ, ನೀರು, ಬೆಂಕಿ ಎಲ್ಲವೂ ಸರಿಯಿದ್ದಲ್ಲಿ ಪಾತ್ರೆಯ ಗುಣವೂ ನಾಲಗೆಗೆ ಬರುತ್ತದೆ.

ಆದರೆ ಯಾರ ನಾಲಗೆಗೆ? ಹುಡುಗನು ಆ ಮೂರನ್ನೂ ಯೂಟ್ಯೂಬಿಗೆ ಏರಿಸಿ, ಅಲ್ಲಿಂದ ಇಳಿಸಿ, ಸಾಧಾರಣವಾದ ಫೋನಿನ ಪುಟ್ಟ ಬಾಯಿಂದ ನುಡಿಸಿದನು. ಅಷ್ಟು ಚಿಕ್ಕ ಸ್ಪೀಕರಿನಿಂದ ಕೆಳಗಿನ ಸ್ವರಗಳು ಬಹುಪಾಲು ಹೊರಡುವುದೇ ಇಲ್ಲ. ಸಾಗಿಸಲು ಹಗುರವಾಗಲೆಂದು ಧ್ವನಿಯ ಗಂಟನ್ನು ಹಿಂಡಿ ಸಣ್ಣದು ಮಾಡಿಯೂ ಇರುತ್ತಾರೆ. ಯಜಮಾನನು ಮೂರರಲ್ಲಿ ಯಾವುದು ಯಾವುದೆಂದು ಗುರುತಿಸಲು ಹೋಗಿ ಮೂರನ್ನೂ ತಪ್ಪು ಹೇಳಿದನು. ಅದೇ ಫೋನಿನಲ್ಲಿ ಬೆಳಗಿನ ಹಜಾರದ ಧ್ವನಿಯನ್ನು ನುಡಿಸಿದಾಗ ಮಾತ್ರ ಮನೆಯ ಚಿಕ್ಕ ಹುಡುಗಿ ಕೂಡ "ಇದು ಹಜಾರದ್ದು" ಎಂದಳು. ನವುರು ದಾರಿಯಲ್ಲಿ ಕಳೆದುಹೋಗುತ್ತದೆ, ಮಾರ್ದನಿ ಕಳೆಯುವುದಿಲ್ಲ.

ಹಾಗೆಂದು ದುಬಾರಿ ಮೈಕುಗಳೆಲ್ಲ ವ್ಯರ್ಥವೆಂದು ತೀರ್ಮಾನಿಸುವುದು ಅವಸರದ ಮಾತು. ಕಂಠದಿಂದಲೇ ಸಂಪಾದಿಸುವವರ ಲೆಕ್ಕ ಬೇರೆ. ಇಂಗ್ಲಿಷಿನಲ್ಲಿ ಕೇಳುವ ಪುಸ್ತಕಗಳನ್ನು ಸ್ವೀಕರಿಸುವ ಎಸಿಎಕ್ಸ್ ಎಂಬ ಸಂಸ್ಥೆ, ಓದುಗನು ಸುಮ್ಮನಿದ್ದಾಗಿನ ಹಿನ್ನೆಲೆಯ ಸದ್ದು −60 ಡೆಸಿಬೆಲ್ಲಿಗಿಂತ ಕೆಳಗಿರಬೇಕೆಂದು ನಿಯಮ ಹಾಕಿದೆ. ಮೀರಿದರೆ ಕೆಲಸ ತಿರುಗಿ ಬರುತ್ತದೆ. ಚಿತ್ರಗಳಿಗೆ ಕಂಠದಾನ ಮಾಡುವವರು, ಸಂಗೀತವನ್ನು ಮುದ್ರಿಸುವವರು, ಕೋಣೆಯನ್ನು ಈಗಾಗಲೇ ಹದಗೊಳಿಸಿಕೊಂಡವರು, ಇವರಿಗೆ ಒಳ್ಳೆಯ ಮೈಕು ಖರ್ಚಲ್ಲ, ಸೊತ್ತು. ಜರ್ಮನಿಯ ನಾಯ್ಮನ್ ಕಂಪೆನಿಯ ಯು87 ಹೊರಬಂದುದು 1967ರಲ್ಲಿ; ಆ ಕಾಲದ ಮೈಕುಗಳು ಇಂದಿಗೂ ನಿಲಯಗಳಲ್ಲಿ ಕೆಲಸ ಮಾಡುತ್ತಿವೆ, ಮಾರಿದರೆ ಬೆಲೆಯೂ ಬರುತ್ತದೆ. ಕೊಂಡ ಮೂರು ವರ್ಷಕ್ಕೆ ಹಳೆಯದೆನಿಸುವ ಫೋನಿಗೂ ಕ್ಯಾಮರಾಕ್ಕೂ ಈ ಮಾತನ್ನು ಹೇಳುವಂತಿಲ್ಲ. ತಪ್ಪು ಇರುವುದು ಮೈಕಿನಲ್ಲಲ್ಲ, ಅದನ್ನು ಮೊದಲು ಕೊಳ್ಳುವುದರಲ್ಲಿ.

ಇನ್ನು ಅತ್ತೆಯವರ ಸರದಿ. ಮಧ್ಯಾಹ್ನ ಅವರನ್ನು ಕೊಬ್ಬರಿಯ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂರಿಸಿ, ಲಕ್ಷದ ಮೈಕನ್ನು ಎದುರಿಗೆ ನಿಲ್ಲಿಸಿದರು. ಅವರು ಸೆರಗನ್ನು ಹೊದ್ದುಕೊಂಡು, ಗಂಟಲು ಸರಿಮಾಡಿಕೊಂಡು, ಮೈಕನ್ನು ಕಣ್ಣಿಟ್ಟು ನೋಡುತ್ತ, ಶಾಲೆಯ ಮಕ್ಕಳು ಇನ್‌ಸ್ಪೆಕ್ಟರ ಮುಂದೆ ಹೇಳುವಂತೆ ಒಂದು ದೇವರನಾಮವನ್ನು ಹೇಳಿ ನಿಲ್ಲಿಸಿದರು. ರಾಗಿಯ ಪದವೆಂದರೆ ಎರಡು ಸಾಲು ಬಂದು ಮೂರನೆಯದು ಬಾರದು. "ಕೈ ಸುಮ್ಮನಿದ್ದರೆ ಬಾಯಿಗೆ ಎಲ್ಲಿಂದ ಬರಬೇಕಪ್ಪ?" ಎಂದು ಮೊಮ್ಮಗನನ್ನು ಕೇಳಿದರು. ಅದು ನೆಪವಲ್ಲ. ಆ ಪದಗಳು ಕಲ್ಲಿನ ಸುತ್ತಿಗೆ ಹೊಂದಿಕೊಂಡು ಹುಟ್ಟಿದವು. ಕಲ್ಲು ತಿರುಗಿದರೆ ಸಾಲು ತಿರುಗುತ್ತದೆ.

ಮೂಲೆಯಲ್ಲಿ ಬೋರಲಾಗಿ ಬಿದ್ದಿದ್ದ ಬೀಸುವ ಕಲ್ಲನ್ನು ತಂದು ತೊಳೆದು ಒರೆಸಿ, ಮಡಿಸಿದ ಕಂಬಳಿಯ ಮೇಲೆ ಇಟ್ಟರು. ಎರಡು ಸೇರು ರಾಗಿ ಬಂದಿತು. ಹುಡುಗನು ದೊಡ್ಡ ಮೈಕುಗಳನ್ನು ಹೊರಗಿಟ್ಟು, ಆ ಗುಂಡಿಯನ್ನು ಅಜ್ಜಿಯ ಎಡ ಹೆಗಲ ಬಳಿ ಸೆರಗಿಗೆ ಸಿಕ್ಕಿಸಿದನು. ಅದರಲ್ಲಿ ಗದ್ದಲವನ್ನು ತಾನೇ ಅಳಿಸುವ ಒಂದು ಯುಕ್ತಿಯಿತ್ತು. ಮೊದಲ ಸಲ ಅದು ಕಲ್ಲಿನ ಗುರುಗುರು ಸದ್ದನ್ನು ಗದ್ದಲವೆಂದು ತಿಳಿದು ನುಂಗಿಹಾಕಿ, ಅದರೊಡನೆ ಹಾಡಿನ ಸಾಲುಗಳ ತುದಿಯನ್ನೂ ಕಚ್ಚಿತು. ಅದನ್ನು ಆರಿಸಿದರು. ಬಲಗೈ ಗೂಟವನ್ನು ತಿರುಗಿಸುವಾಗ ಸೆರಗು ಸರಿದು ಸರಸರ ಎನ್ನುತ್ತಿತ್ತು. ಗುಂಡಿಯನ್ನು ಎರಡು ಬೆರಳು ಮೇಲಕ್ಕೆ ಏರಿಸಿ, ಸೆರಗನ್ನು ಪಿನ್ನಿನಿಂದ ಬಿಗಿದರು. ಆಮೇಲೆ ಎಲ್ಲರೂ ಹೊರಗೆ ಹೋದರು. ಸೊಸೆ ಒಬ್ಬಳೇ ಬಾಗಿಲ ಬಳಿ ಚೀಲಕ್ಕೆ ಒರಗಿ, ರಾಗಿಯ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು.

ಕಲ್ಲು ನಾಲ್ಕು ಸುತ್ತು ಬರುವ ಹೊತ್ತಿಗೆ ಅತ್ತೆಯವರು ಮೈಕನ್ನು ಮರೆತಿದ್ದರು. ರಾಗಿಯ ಪದ ಒಂದಾದ ಮೇಲೆ ಒಂದು ಬಂದಿತು. ತವರಿನ ಪದ ಬಂದಿತು. ನಡುನಡುವೆ ನಿಲ್ಲಿಸಿ, "ಇದನ್ನು ನಮ್ಮ ಚಿಕ್ಕಮ್ಮ ಹೇಳೋರು, ಅವರ ದನಿ ಕೇಳಬೇಕಿತ್ತು ನೀನು," ಎಂದು ಹೇಳಿ ಮತ್ತೆ ಹಿಡಿಯಷ್ಟು ರಾಗಿಯನ್ನು ಬಾಯಿಗೆ ಹಾಕಿದರು, ಕಲ್ಲಿನ ಬಾಯಿಗೆ. ಮುಕ್ಕಾಲು ಗಂಟೆಯ ಮೇಲೆ, ಸ್ವರವನ್ನು ಬಹಳ ತಗ್ಗಿಸಿ, ಅವರು ಬೇರೊಂದನ್ನು ಎತ್ತಿಕೊಂಡರು. ಅದು ಹಸೆಗೆ ಕರೆಯುವ ಹಾಡು. ಸೊಸೆಯ ಕೈ ಮೊರದಲ್ಲಿ ನಿಂತಿತು. ಮಾವನವರು ತೀರಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು. ಅಂದಿನಿಂದ ಅತ್ತೆಯವರು ಶೋಭಾನೆಯನ್ನು ಬಾಯಿಗೆ ತಂದಿರಲಿಲ್ಲ. ಸ್ವಂತ ಮೊಮ್ಮಗಳ ಮದುವೆಯಲ್ಲಿ, ಎಲ್ಲರೂ ಬೇಡಿಕೊಂಡಾಗಲೂ, "ನಾನು ಹೇಳಬಾರದಮ್ಮ, ಮುತ್ತೈದೆಯರು ಹೇಳಿ," ಎಂದು ಕಂಬದ ಹಿಂದೆ ಸರಿದಿದ್ದರು. ಮೊಮ್ಮಗಳ ಮದುವೆಯಲ್ಲಿ ಆ ಹಾಡನ್ನು ಗೊತ್ತಿದ್ದ ಮುತ್ತೈದೆ ಒಬ್ಬಳೂ ಇರಲಿಲ್ಲವಾಗಿ ಧ್ವನಿವರ್ಧಕದಲ್ಲಿ ಚಿತ್ರಗೀತೆಯನ್ನು ಹಾಕಿದ್ದರು. ಈಗ ಕಲ್ಲಿನ ಸದ್ದಿನ ಮರೆಯಲ್ಲಿ, ಯಾರೂ ನೋಡದ ಗೋಣಿಚೀಲಗಳ ನಡುವೆ, ಆ ಹಾಡು ಆದಿಯಿಂದ ಅಂತ್ಯದವರೆಗೆ ಬಂದಿತು. ಮುಗಿದ ಮೇಲೆ ಅವರು ಸೊಸೆಯ ಮುಖವನ್ನು ನೋಡದೆ, "ಅದು ಬೇಕಾದರೆ ಇರಲಿ. ಹೊರಗೆ ಹಾಕಬೇಡ," ಎಂದರು.

ಸಂಜೆ ಹುಡುಗನು ಕೇಳಿದನು. ಲಕ್ಷದ ಮೈಕಿನಲ್ಲಿ ಕಲ್ಲಿನ ಅಡಿದನಿ ಇನ್ನೂ ತುಂಬಿ ಬರುತ್ತಿತ್ತೆಂದು ಒಂದು ಮಾತು ಹೇಳಿದನು. ಅದು ವೃತ್ತಿಯವನ ಮಾತು, ಸತ್ಯವೂ ಹೌದು. ಆಮೇಲೆ ಬಹಳ ಹೊತ್ತು ಏನನ್ನೂ ಹೇಳಲಿಲ್ಲ. ಹೊರಡುವಾಗ ಆ ಗುಂಡಿಯನ್ನು ಅಲ್ಲಿಯೇ ಬಿಟ್ಟು, ಉಳಿದೆರಡನ್ನು ಕೈಚೀಲಕ್ಕೆ ಹಾಕಿಕೊಂಡು ಹೋದನು.

ಸೊಸೆ ತನ್ನ ಪಾಠಗಳಿಗೆ ಎಂಟು ಸಾವಿರದೊಳಗಿನ, ಫೋನಿಗೇ ನೇರವಾಗಿ ಸೇರುವ ಡೈನಮಿಕ್ ಜಾತಿಯ ಮೈಕೊಂದನ್ನು ತನ್ನ ಸಂಬಳದಲ್ಲಿ ಕೊಂಡಳು. ಅದನ್ನು ಬಾಯಿಗೆ ನಾಲ್ಕು ಬೆರಳಿನ ದೂರದಲ್ಲಿಟ್ಟು, ಎರಡು ಹಳೆಯ ಕೌದಿಗಳನ್ನು ಬೆನ್ನ ಹಿಂದೆ ಹಗ್ಗಕ್ಕೆ ಹಾಕಿ ಓದಿದ ಮೊದಲ ಪಾಠವನ್ನು ಆ ವೃದ್ಧರಿಗೆ ಕಳುಹಿಸಿದಳು. ಅವರು ಹಿಂತಿರುಗಿ ಕರೆದು, "ಇವತ್ತು ಬಾವಿಯಿಂದ ಮೇಲಕ್ಕೆ ಬಂದಿರಿ ತಾಯೀ," ಎಂದು ಹೇಳಿ, ಹಿಂದಿನ ಪಾಠಗಳಲ್ಲಿ ತಪ್ಪಿಹೋಗಿದ್ದ ಏಳೆಂಟು ಪದಗಳನ್ನು ಒಂದೊಂದಾಗಿ ಕೇಳಿ ತಿಳಿದುಕೊಂಡರು. ಬಟ್ಟೆಯ ಗಂಟು ತಗಡಿನ ಪೆಟ್ಟಿಗೆಯ ತಳಕ್ಕೇ ಹಿಂತಿರುಗಿತು. ಅತ್ತೆಯವರಿಗೆ ಇದರಿಂದ ಸ್ವಲ್ಪ ಅಸಮಾಧಾನವಾಯಿತೆಂದು ಹೇಳಬೇಕು. ಎರಡು ಸಾವಿರದ ಗುಂಡಿಗೆ ತಮ್ಮ ಹಾಡು ಹಿಡಿಸಿತೆಂಬುದು ಅವರಿಗೆ ಅಷ್ಟಾಗಿ ರುಚಿಸಿರಲಿಲ್ಲ.

ತೊಂದರೆ ಎದುರುನೋಡದ ಕಡೆಯಿಂದ ಬಂದಿತು. ಎರಡು ವಾರದ ಮೇಲೆ ಕೊಬ್ಬರಿಯ ಧಾರಣೆ ಏರಿತು. ಯಜಮಾನನು ಮಾರುಕಟ್ಟೆಯಿಂದ ಬಂದವನೇ ಚೀಲಗಳನ್ನು ಸಾಗಿಸಲು ಗಾಡಿಗೆ ಹೇಳಿದನು. ಆಗಿನ್ನೂ ಹಿಡಿದಿದ್ದುದು ಇಪ್ಪತ್ತಮೂರು ಹಾಡು. ಸೊಸೆ ಬಾಗಿಲಲ್ಲಿ ನಿಂತು, ಕೋಣೆ ಬರಿದಾದರೆ ಅದೂ ಹಜಾರವೇ ಆಗುತ್ತದೆಂದು ಹೇಳಿದಳು. "ಧಾರಣೆ ಇಳಿದರೆ?" ಎಂದು ಅವನು ಕೇಳಿದನು. ಆ ಪ್ರಶ್ನೆಗೆ ಆಕೆಯಲ್ಲಿ ಉತ್ತರವಿರಲಿಲ್ಲ. ಅವನು ಕೋಣೆಯೊಳಗೆ ಹೋಗಿ, ಬೀಸುವ ಕಲ್ಲನ್ನೂ ಸುತ್ತಲಿನ ಚೀಲಗಳನ್ನೂ ಒಂದು ಸಲ ನೋಡಿ, ಹೊರಗೆ ಬಂದು ಹಮಾಲರಿಗೆ, ಬಾಗಿಲ ಕಡೆಯ ರಾಶಿಯನ್ನು ಮಾತ್ರ ಎತ್ತಿ, ಕಲ್ಲಿನ ಸುತ್ತಲಿನ ಹದಿನಾರು ಚೀಲಗಳನ್ನು ಮುಟ್ಟಬೇಡಿರೆಂದು ಹೇಳಿದನು.